ಮುರ್ಗಾಂವ್ ರೈಲು ಧಕ್ಕೆ: ನಮ್ಮ ಮುತ್ತಜ್ಜನ ಕಿರ್ದಿಯಲ್ಲಿ ಈ ಹೆಸರು ಯಾಕೆ ಬಂತು?

ಬೆಟಗೇರಿ_ಬಾಗಿಲು:

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಗಂಟು ಬಿಡಿಸಿಕೊಡಬೇಕು.

ನಮ್ಮದು ಗದಗ-ಬೆಟಗೇರಿ. ಮುತ್ತಜ್ಜ ಹತ್ತಿ ವ್ಯಾಪಾರ ಮಾಡುತ್ತಿದ್ದರು. ಹೋದ ತಿಂಗಳು ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ಕೆಂಪು ಬಟ್ಟೆ ಹೊದಿಸಿದ ಎರಡು ಕಿರ್ದಿ ಪುಸ್ತಕ ಸಿಕ್ಕವು. ಒಂದು ಗೆದ್ದಲಿನ ಪಾಲಾಗಿದೆ. ಇನ್ನೊಂದು ಪರವಾಗಿಲ್ಲ. ಮೊದಲ ಪುಟದಲ್ಲಿ ಶ್ರೀಕಾರ, ಅದರ ಮೇಲೆ ಕುಂಕುಮದ ಬೆರಳಚ್ಚು, ಕೆಳಗೆ 'ಶಕೆ 1846'. ಅಂದರೆ 1924ರ ಸುಮಾರು, ಅಲ್ವಾ?

ನಡುವೆ ಒಂದು ಪುಟದಲ್ಲಿ ಖರ್ಚಿನ ಕಡೆ ಮೂರು ಸಾಲು ಒಂದರ ಕೆಳಗೊಂದು ಇವೆ. 'ಮುರ್ಗಾಂವ ಧಕ್ಕಿ ಹಮಾಲಿ'. 'ಕ್ಯಾಸಲರಾಕ ಜಕಾತಿ'. 'ಜಿನಸಾ ಗಾಡಿ ಬಾಡಿಗಿ'. ಮುಂದೆ ಮೊತ್ತ ಬರೆದ ಜಾಗದಲ್ಲಿ ನೀರು ಬಿದ್ದು ಶಾಯಿ ಹರಡಿದೆ.

ಮುರ್ಗಾಂವ್ ಅಂದರೆ ಗೋವಾದಲ್ಲಿ ವಾಸ್ಕೋ ಪಕ್ಕದ ಬಂದರು, ಅಷ್ಟು ಗೊತ್ತು. ಆದರೆ ನಮ್ಮ ಮನೆಯಲ್ಲಿ ಹತ್ತಿ ಮಾತು ಬಂದರೆ ಬರೀ ಮುಂಬೈ. ಗೋವಾದ ಹೆಸರನ್ನು ಯಾರೂ ಎತ್ತಿದ್ದೇ ಇಲ್ಲ. ಇನ್ನೊಂದು, ಹಮಾಲಿ ಕೊಡುವುದು ಸ್ಟೇಷನ್ನಿನಲ್ಲಿ. ಹಡಗು ನಿಲ್ಲುವ ಧಕ್ಕೆಯಲ್ಲಿ ಯಾಕೆ ಕೊಟ್ಟರು? ರೈಲು ಧಕ್ಕೆಯ ತನಕ ಹೋಗುತ್ತಿತ್ತಾ?

ಲೋಂಡಾ_ಗಾರ್ಡು:

ಹೋಗುತ್ತಿತ್ತು. ಧಕ್ಕೆಯ ತನಕ ಏನು, ಧಕ್ಕೆಯ ಮೇಲೇ ಹೋಗುತ್ತಿತ್ತು. ಒಂದು ಕಡೆ ಹಡಗು, ನಡುವೆ ಕ್ರೇನು, ಈ ಕಡೆ ವ್ಯಾಗನ್. ನಾನು ಗೂಡ್ಸ್ ಗಾರ್ಡ್ ಆಗಿ ಆ ಘಟ್ಟದಲ್ಲಿ ಎಷ್ಟು ಸಲ ಇಳಿದಿದ್ದೇನೋ ಲೆಕ್ಕವಿಲ್ಲ, ಮೊದಲು ಮೀಟರ್ ಗೇಜಿನಲ್ಲಿ (ಸಣ್ಣ ಅಗಲದ ಹಳಿ), ಆಮೇಲೆ ಬ್ರಾಡ್ ಗೇಜಿನಲ್ಲಿ (ದೊಡ್ಡ ಅಗಲದ ಹಳಿ). ಈಗ ನಿವೃತ್ತ.

ಮೊದಲು ಒಂದು ಮಾತು. ಅಲ್ಲೊಂದು ದೊಡ್ಡ ಬಂದರು ಇತ್ತು, ಅಲ್ಲಿಗೆ ರೈಲು ಹಾಕಿದರು ಅಂತ ಜನ ತಿಳಿದಿದ್ದಾರೆ. ಹಾಗಲ್ಲ. ಮುರ್ಗಾಂವ್‌ನಲ್ಲಿ ಹಳೇ ಕೋಟೆ ಇತ್ತು. 17ನೇ ಶತಮಾನದ ಕೊನೆಗೆ ಸಂಭಾಜಿ ಮಹಾರಾಜರ ದಾಳಿಗೆ ಹೆದರಿ ಪೋರ್ಚುಗೀಸರು ರಾಜಧಾನಿಯನ್ನೇ ಅಲ್ಲಿಗೆ ಸಾಗಿಸಲು ಹೊರಟಿದ್ದರು. ಅದು ಅರ್ಧಕ್ಕೇ ನಿಂತಿತು. ಆಮೇಲೆ ಇನ್ನೂರು ವರ್ಷ ಆ ಗುಡ್ಡದ ಮೂಗಿನ ಕೆಳಗೆ ದೊಡ್ಡದೇನೂ ಆಗಲಿಲ್ಲ. ಧಕ್ಕೆ, ಅಲೆ ತಡೆಯುವ ಕಲ್ಲಿನ ಕಟ್ಟೆ, ಹಳಿ ಮೂರನ್ನೂ ಒಂದೇ ರೈಲು ಕಂಪನಿ ಒಟ್ಟಿಗೆ ಕಟ್ಟಿತು. ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಅಂತ ಅದರ ಹೆಸರು. ಹೆಸರಲ್ಲಿ ಪೋರ್ಚುಗೀಸ್, ಕಚೇರಿ ಲಂಡನ್ನಿನಲ್ಲಿ.

1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದ ಆಯಿತು. 1881ರಲ್ಲಿ ರೈಲಿನ ಕರಾರು. 1887ರ ಜನವರಿಯಲ್ಲಿ ಬಂದರಿನಿಂದ ಸಾವರ್ಡೆ ತನಕ ಗಾಡಿ ಓಡಿತು. 1888ರ ಫೆಬ್ರುವರಿಯಲ್ಲಿ ಘಟ್ಟ ಹತ್ತಿ ಗಡಿಯ ಕ್ಯಾಸಲ್‌ರಾಕ್ ಮುಟ್ಟಿತು. ಒಟ್ಟು 82 ಕಿಲೋಮೀಟರ್ ಹತ್ತಿರ. ಕ್ಯಾಸಲ್‌ರಾಕ್‌ನಿಂದ ಈಚೆಗೆ ಸದರ್ನ್ ಮರಾಠಾ ರೈಲ್ವೆಯ ಹಳಿ. ಲೋಂಡಾ, ಧಾರವಾಡ, ಹುಬ್ಬಳ್ಳಿ, ನಿಮ್ಮ ಗದಗ. ಎರಡೂ ಮೀಟರ್ ಗೇಜು. ಹಾಗಾಗಿ ಗದಗಿನಲ್ಲಿ ತುಂಬಿದ ವ್ಯಾಗನ್ನು ನೇರ ಹಡಗಿನ ಪಕ್ಕಕ್ಕೆ ಹೋಗಿ ನಿಲ್ಲಬಹುದಿತ್ತು. ನಡುವೆ ಎಲ್ಲೂ ಸಾಮಾನು ಇಳಿಸಿ ಏರಿಸುವ ತಾಪತ್ರಯ ಇಲ್ಲ.

ನಿಮ್ಮ ಮುತ್ತಜ್ಜ ಹತ್ತಿಯನ್ನೇ ಕಳಿಸಿರಬೇಕು. ಇನ್ನೇನು?

ಸದಾಶಿವಗಡ_ಸೇತುವೆ:

ಗಾರ್ಡ್ ಸಾಹೇಬರೇ, ನೀವು ಮುರ್ಗಾಂವ್ ಮುರ್ಗಾಂವ್ ಅನ್ನುವಾಗ ನಮ್ಮ ಕಾರವಾರದವರ ಹೊಟ್ಟೆ ಉರಿಯುತ್ತದೆ. ಆ ಧಕ್ಕೆ ಇಲ್ಲಿ ಆಗಬೇಕಿತ್ತು.

1862ರಲ್ಲಿ ನಮ್ಮ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಯಾಕೆ? ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತ್ತು. ಮ್ಯಾಂಚೆಸ್ಟರ್ ಮಿಲ್ಲುಗಳಿಗೆ ಅಲ್ಲಿನ ಹತ್ತಿ ನಿಂತಿತು. ಧಾರವಾಡ ಸೀಮೆಯ ಹತ್ತಿ ಬೇಕಾಯಿತು. ಅದನ್ನು ಹಡಗಿಗೆ ಹಾಕಲು ಹತ್ತಿರದ ಒಳ್ಳೆ ಬಂದರು ಕಾರವಾರ. ಮದ್ರಾಸಿನವರಿಗೆ ಇದರಲ್ಲಿ ಆಸಕ್ತಿ ಇರಲಿಲ್ಲ, ಮುಂಬೈ ಸಾಹುಕಾರರಿಗೆ ಇತ್ತು. ಒಂದು ಜಿಲ್ಲೆಯನ್ನೇ ಎರಡು ತುಂಡು ಮಾಡಿ ಮೇಲಿನ ತುಂಡನ್ನು ಆ ಕಡೆ ಕೊಟ್ಟರು. ದೇವಗಡ ದ್ವೀಪದ ದೀಪಸ್ತಂಭ 1864ರದ್ದು, ಅದೇ ಹುರುಪಿನ ಕಾಲದ್ದು. ಘಟ್ಟಕ್ಕೆ ಗಾಡಿ ರಸ್ತೆ ಮಾಡಿದರು. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಅಂತ ಅಳತೆ ಕೂಡ ಆಯಿತು. ಆಮೇಲೆ ಎಲ್ಲ ಬಿಟ್ಟು ಮುರ್ಗಾಂವ್‌ಗೆ ಹೋದರು.

ಆ ಹುಬ್ಬಳ್ಳಿ ರೈಲನ್ನು ನಾವು ಇನ್ನೂ ಕೇಳುತ್ತಲೇ ಇದ್ದೇವೆ. ಈಗ ಅದರ ಹೆಸರು ಹುಬ್ಬಳ್ಳಿ-ಅಂಕೋಲಾ. ನೂರೈವತ್ತು ವರ್ಷದ ಅರ್ಜಿ.

ಕುಡ್ಲದ_ಮಳೆ:

ಕಾರವಾರದವರು ಬಂದರು ಅಂದ ಮೇಲೆ ಇನ್ನು ಈ ಚರ್ಚೆ ಮುಗಿಯಲಿಕ್ಕಿಲ್ಲ ಮಾರಾಯ್ರೆ. ಚಾ ಮಾಡಿಕೊಂಡು ಬರುತ್ತೇನೆ.

ಸದಾಶಿವಗಡ_ಸೇತುವೆ:

ಮಂಗಳೂರಿನವರಿಗೆ 1907ಕ್ಕೇ ರೈಲು ಬಂತು. ಚಾ ಕುಡಿಯಿರಿ, ನಿಮಗೇನು!

ದುರ್ಗದಬೈಲು:

ನಾನು ಹುಬ್ಬಳ್ಳಿಯವನು. ಕಾರವಾರದ ಅಣ್ಣ ಹೇಳಿದ್ದು ಅರ್ಧ ಸರಿ. ಆದರೆ ಕಾರವಾರ ಯಾಕೆ ಸೋತಿತು ಅನ್ನುವುದರಲ್ಲಿ ದುಡ್ಡಿನ ಮಾತು ಬಿಟ್ಟುಹೋಗಿದೆ.

ಘಟ್ಟದಲ್ಲಿ ರೈಲು ಹಾಕುವುದು, ಸಮುದ್ರದಲ್ಲಿ ಕಟ್ಟೆ ಕಟ್ಟುವುದು ಎರಡೂ ಹಣ ನುಂಗುವ ಕೆಲಸ. ಕಾರವಾರದಲ್ಲಿ ಮಾಡಿದ್ದರೆ ಅದರ ಹೊರೆ ಬ್ರಿಟಿಷ್ ಇಂಡಿಯಾ ಸರ್ಕಾರದ ತಲೆ ಮೇಲೆ. ಮುರ್ಗಾಂವ್‌ನಲ್ಲಿ ಹಣ ಹಾಕಿದ ಲಂಡನ್ನಿನವರಿಗೆ ಬಡ್ಡಿಯ ಖಾತರಿ ಕೊಟ್ಟಿದ್ದು ಪೋರ್ಚುಗಲ್ ಸರ್ಕಾರ. ಲಾಭ ಬರಲಿ ಬಿಡಲಿ, ಬಡ್ಡಿ ಕಟ್ಟಲೇಬೇಕು. ಲಾಭ ಬರಲಿಲ್ಲ. ವರ್ಷಗಟ್ಟಲೆ ಲಿಸ್ಬನ್ನಿನವರು ಕೈಯಿಂದ ಕಟ್ಟಿದರು. ಬ್ರಿಟಿಷರಿಗೆ ಪುಕ್ಕಟೆ ಬಂದರು ಸಿಕ್ಕ ಹಾಗೆ. ಅಂಥದ್ದು ಕೈಗೆ ಬರುವಾಗ ಕಾರವಾರಕ್ಕೆ ಯಾರು ಖರ್ಚು ಮಾಡುತ್ತಾರೆ ಹೇಳಿ.

ಒಪ್ಪಂದದಲ್ಲಿ ಇನ್ನೊಂದು ಕಿವಿ ಹಿಂಡುವ ಸಂಗತಿ ಇತ್ತು, ಉಪ್ಪು. ಗೋವಾದ ಉಪ್ಪಿನ ಮೇಲಿನ ಹಿಡಿತ ಬ್ರಿಟಿಷರ ಕೈಗೆ ಹೋಯಿತು. ಗೋವಾದಲ್ಲಿ ಉಪ್ಪು ತೆಗೆಯುವವರು, ಕಳ್ಳು ಇಳಿಸುವವರು ಎಲ್ಲ ಬೇಸತ್ತರು. ಬದಲಿಗೆ ಎರಡೂ ಕಡೆ ನಡುವಿನ ಸುಂಕದ ಗೋಡೆ ತೆಗೆದಿದ್ದರು. 1892ರಲ್ಲಿ ಒಪ್ಪಂದದ ಅವಧಿ ಮುಗಿಯಿತು, ಯಾರೂ ಮುಂದುವರಿಸಲಿಲ್ಲ. ಸುಂಕದ ಗೋಡೆ ಮತ್ತೆ ಎದ್ದಿತು. ನಿಮ್ಮ ಕಿರ್ದಿಯ 'ಕ್ಯಾಸಲರಾಕ ಜಕಾತಿ' ಅದೇ.

ಈಗ ಹತ್ತಿ ವಿಚಾರ. ಗಾರ್ಡ್ ಸಾಹೇಬರು ಹೇಳಿದ ಹಾಗೆ ವ್ಯಾಗನ್ನು ಹಡಗಿನ ಪಕ್ಕ ಹೋಗಬಹುದಿತ್ತು, ನಿಜ. ಆದರೆ ಹೋದದ್ದು ಕಡಿಮೆ. ಹುಬ್ಬಳ್ಳಿಯಿಂದ ಮುರ್ಗಾಂವ್ ಸುಮಾರು 200 ಕಿಲೋಮೀಟರ್. ಮುಂಬೈ ಅದರ ಮೂರು ಪಟ್ಟಿಗೂ ಹೆಚ್ಚು ದೂರ, ನಡುವೆ ಗೇಜು ಬೇರೆ ಬದಲಾಗುತ್ತದೆ. ಕಾಗದದ ಮೇಲೆ ನೋಡಿದರೆ ಮುರ್ಗಾಂವ್ ಗೆಲ್ಲಬೇಕು. ಆದರೆ ಮುಂಬೈ ಕಡೆಯ ರೈಲು ಕಂಪನಿ ಬಾಡಿಗೆ ಇಳಿಸಿ ಮಾಲನ್ನು ತನ್ನ ಕಡೆ ಎಳೆದುಕೊಂಡಿತು. ಅದೊಂದೇ ಅಲ್ಲ. ಹತ್ತಿ ಮಾರುವವನಿಗೆ ಹಡಗು ಮುಖ್ಯವಲ್ಲ, ಕೊಳ್ಳುವವನು ಮುಖ್ಯ. ದಲಾಲ, ಹುಂಡಿ, ಬ್ಯಾಂಕು, ಮಿಲ್ಲು ಎಲ್ಲ ಮುಂಬೈಯಲ್ಲಿ. ಮುರ್ಗಾಂವ್‌ನಲ್ಲಿ ಇದ್ದದ್ದು ಧಕ್ಕೆ ಮಾತ್ರ. ಅಂಡಿಗೆ (ಹತ್ತಿ ಮೂಟೆ) ಅಲ್ಲಿ ಇಳಿಸಿ ಯಾರ ಹತ್ತಿರ ದರ ಮಾತಾಡುವುದು? ಸಮುದ್ರದ ಹತ್ತಿರವಾ?

ಹಾಗಾಗಿ ನಿಮ್ಮ ಮುತ್ತಜ್ಜ ಮುರ್ಗಾಂವ್‌ಗೆ ಹತ್ತಿ ಕಳಿಸಿದ್ದರು ಅಂತ ನನಗೆ ಅನಿಸುವುದಿಲ್ಲ.

ಲೋಂಡಾ_ಗಾರ್ಡು:

ಹಾಗಾದರೆ ತೆಂಗಿನಕಾಯಿ ಇರಬೇಕು. ಗೋವಾದಿಂದ ನಮ್ಮ ಕಡೆಗೆ ತೆಂಗಿನಕಾಯಿ, ಒಣಮೀನು ಗಾಡಿಗಟ್ಟಲೆ ಹತ್ತುತ್ತಿತ್ತು. ಅದೂ ಬೇರೆ ದೇಶದ ಮಾಲೇ, ಕ್ಯಾಸಲ್‌ರಾಕ್‌ನಲ್ಲಿ ಜಕಾತಿ ಕೊಡಲೇಬೇಕು. ಕಿರ್ದಿಯಲ್ಲಿ 'ಜಿನಸಾ' ಅಂತ ಇದೆಯಲ್ಲ, ಜಿನಸಿ ಸಾಮಾನು.

ದುರ್ಗದಬೈಲು:

ತೆಂಗಿನಕಾಯಿ ಮಡಗಾಂವ್‌ನಲ್ಲೇ ಹತ್ತುತ್ತದೆ ಸಾಹೇಬರೇ. ಧಕ್ಕೆ ಹಮಾಲಿ ಯಾಕೆ ಬೀಳಬೇಕು? ಧಕ್ಕೆಯಲ್ಲಿ ಹಮಾಲಿ ಕೊಟ್ಟರೆಂದರೆ ಹಡಗಿಗೆ ಏರಿಸಿದ್ದಕ್ಕೆ, ಇಲ್ಲ ಹಡಗಿಂದ ಇಳಿಸಿದ್ದಕ್ಕೆ. ಏರಿಸಿದ್ದಾದರೆ ನಮ್ಮ ಕಡೆ ಜಕಾತಿ ಯಾಕೆ? ಏನೋ ಇಳಿದಿದೆ.

ಬೆಟಗೇರಿ_ಬಾಗಿಲು:

ಇದು ಪತ್ತೇದಾರಿ ಕತೆ ಆಯಿತಲ್ಲ! ಮುಂದುವರಿಸಿ. ಆ ಧಕ್ಕೆ ನೋಡಲು ಹೇಗಿತ್ತು ಅಂತಲೂ ಯಾರಾದರೂ ಹೇಳಿ. ನಾನು ವಾಸ್ಕೋಗೆ ಹೋಗಿದ್ದೇನೆ, ಸ್ಟೇಷನ್ನಿನಿಂದ ಮುಂದೆ ಏನೂ ನೋಡಿಲ್ಲ.

ಬೈನಾ_ಬಾಲ್ಯ:

ನಾನು ಹುಟ್ಟಿದ್ದು ಬೈನಾದಲ್ಲಿ. ವಾಸ್ಕೋದ ಸಮುದ್ರದ ಅಂಚಿನಲ್ಲಿ ಬಾಗಲಕೋಟೆ, ವಿಜಯಪುರ, ಹಾವೇರಿ ಕಡೆಯವರು ತುಂಬಿದ್ದ ಆ ಓಣಿಗಳ ಹೆಸರು ನೀವೆಲ್ಲ ಕೇಳಿರುತ್ತೀರಿ. 2004ರಲ್ಲಿ ಅಲ್ಲಿನ ಮನೆಗಳನ್ನು ಕೆಡವಿದರು, ಆಗ ಪೇಪರಿನಲ್ಲಿ ಬಂದಿತ್ತು. ಅಪ್ಪ ಹುನಗುಂದ ತಾಲ್ಲೂಕಿನವರು. ಬರಗಾಲದ ವರ್ಷ ಇದೇ ಮೀಟರ್ ಗೇಜಿನಲ್ಲಿ ಬಂದು ಬಂದರಿನಲ್ಲಿ ಹಮಾಲಿಗೆ ಸೇರಿದರು.

ಈಗ ಪ್ರಯಾಣಿಕರ ಗಾಡಿ ವಾಸ್ಕೋದಲ್ಲೇ ನಿಲ್ಲುತ್ತದೆ. ಹಳಿ ನಿಲ್ಲುವುದಿಲ್ಲ. ಗುಡ್ಡದ ಬುಡ ಹಿಡಿದು ಮುಂದೆ ಹೋಗುತ್ತದೆ. ಅದರ ಕೊನೆಗೆ ಮುರ್ಗಾಂವ್ ಹಾರ್ಬರ್ ಅಂತ ಇನ್ನೊಂದು ಸ್ಟೇಷನ್ ಇದೆ. ಈಗ ಅದು ಬರೀ ಗೂಡ್ಸಿಗೆ.

ನಾನು ಏಳೆಂಟು ವರ್ಷದವನಿದ್ದಾಗ ಅಪ್ಪ ಒಂದು ಭಾನುವಾರ ಒಳಗೆ ಕರೆದುಕೊಂಡು ಹೋಗಿದ್ದರು. ಗೇಟಿನವರು ಪರಿಚಯ. ನನಗೆ ನೆನಪಿರುವುದು ಹಳಿ. ಬೇರೆ ಕಡೆ ಹಳಿ ಜಲ್ಲಿ ಮೇಲೆ ಎದ್ದು ನಿಂತಿರುತ್ತದಲ್ಲ, ಧಕ್ಕೆ ಮೇಲೆ ಅದು ನೆಲದೊಳಗೆ ಹುದುಗಿತ್ತು. ನೆಲಕ್ಕೂ ಹಳಿಗೂ ಒಂದೇ ಮಟ್ಟ. ಕಬ್ಬಿಣದ ಪಕ್ಕ ಮೂರು ಬೆರಳಗಲ ಸಂದು ಮಾತ್ರ. ಆ ಸಂದಿನ ತುಂಬ ಗೊಬ್ಬರದ ಬಿಳಿ ಹರಳು, ಗೋಧಿ ಕಾಳು, ಅದಿರಿನ ಕೆಂಪು ಪುಡಿ, ಮಳೆ ನೀರು. ಗೋಧಿ ಮೊಳೆತು ಹಸಿರಾಗಿತ್ತು. ಹಳಿಯ ನಡುವೆ ಪೈರು! ಅಪ್ಪ ಅದನ್ನು ತೋರಿಸಿ, 'ನೋಡು, ನಮ್ಮ ಹೊಲದಾಗ ಬರಲಿಲ್ಲ, ಇಲ್ಲಿ ಬಂತು' ಎಂದು ನಕ್ಕಿದ್ದರು.

ಹಡಗು ಹಡಗಿನ ಹಾಗೆ ಕಾಣಲಿಲ್ಲ. ಪಕ್ಕದಲ್ಲಿ ನಿಂತರೆ ಅದು ಬರೀ ಗೋಡೆ. ತುಕ್ಕು ಹಿಡಿದ ಗೋಡೆ, ಮೆಲ್ಲಗೆ ಮೇಲೆ ಕೆಳಗೆ ಉಸಿರಾಡುತ್ತಿತ್ತು. ವ್ಯಾಗನ್ನು ಅದರ ಮುಂದೆ ಬೆಂಕಿಪೆಟ್ಟಿಗೆ. ವ್ಯಾಗನ್ನಿನ ಬಾಗಿಲಿಗೆ ಹಲಗೆ ಹಾಕಿ ಚೀಲ ಹೊರುತ್ತಿದ್ದರು. ಚೀಲಕ್ಕೆ ಚುಚ್ಚಿ ಎಳೆಯುವ ಕಬ್ಬಿಣದ ಕೊಕ್ಕೆ ಅಪ್ಪನ ಹತ್ತಿರ ಕೊನೆಯ ತನಕ ಇತ್ತು. ಅದರ ಮರದ ಹಿಡಿ ಅವರ ಅಂಗೈ ಆಕಾರಕ್ಕೇ ಸವೆದಿತ್ತು. ನಾನು ಹಿಡಿದರೆ ನನ್ನ ಕೈಗೆ ಕೂಡುವುದಿಲ್ಲ.

ಕುಡ್ಲದ_ಮಳೆ:

ಈ ಪೋಸ್ಟಿಗಾಗಿಯೇ ಚಾ ತಣ್ಣಗಾಯಿತು. ಬೈನಾದವರೇ, ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಜರ್ಮನ್ ಹಡಗು ಸುಟ್ಟ ಕತೆ ನಿಮ್ಮ ಧಕ್ಕೆಯಲ್ಲೇ ಆದದ್ದಾ?

ಬೈನಾ_ಬಾಲ್ಯ:

ಧಕ್ಕೆಯಲ್ಲಿ ಅಲ್ಲ, ಬಂದರಿನ ನೀರಿನಲ್ಲಿ. ಪೋರ್ಚುಗಲ್ ಯಾರ ಪರವೂ ಇರಲಿಲ್ಲ. ಯುದ್ಧ ಶುರುವಾದಾಗ ಮೂರು ಜರ್ಮನ್ ಹಡಗು, ಎರೆನ್‌ಫೆಲ್ಸ್, ಡ್ರಾಕೆನ್‌ಫೆಲ್ಸ್, ಬ್ರೌನ್‌ಫೆಲ್ಸ್, ಇಲ್ಲಿ ಬಂದು ಲಂಗರು ಹಾಕಿದ್ದವು. ಆಮೇಲೆ ಇಟಲಿಯದ್ದೂ ಒಂದು. ಅಲ್ಲಿಂದ ರೇಡಿಯೋದಲ್ಲಿ ಸುದ್ದಿ ಹೋಗುತ್ತದೆ ಎಂಬ ಅನುಮಾನದಿಂದ ಬ್ರಿಟಿಷರು 1943ರ ಮಾರ್ಚಿನಲ್ಲಿ ಕಲ್ಕತ್ತಾದ ಕೆಲವು ನಡುವಯಸ್ಸಿನ ಸಾಹೇಬರನ್ನು ಒಂದು ಹಳೇ ಬಾರ್ಜಿನಲ್ಲಿ ಕಳಿಸಿದರು. ಹಡಗಿನವರೇ ತಮ್ಮ ಹಡಗು ಮುಳುಗಿಸಿಕೊಂಡರು. ಅದರ ಬಗ್ಗೆ ಸಿನಿಮಾ ಬಂದಿದೆ, ಎಲ್ಲರೂ ಅದನ್ನೇ ಹೇಳುತ್ತಾರೆ.

ನನಗೆ ಕೇಳಿದರೆ ಅದೇ ವರ್ಷ ಅಕ್ಟೋಬರಿನಲ್ಲಿ ಧಕ್ಕೆಯಲ್ಲಿ ಆದದ್ದು ಅದಕ್ಕಿಂತ ದೊಡ್ಡದು. ಜಪಾನಿನಿಂದ ತೆಯಾ ಮಾರು ಎಂಬ ಹಡಗು ಬಂತು. ಅದರ ತುಂಬ ಜಪಾನಿನ ಹಿಡಿತದಲ್ಲಿ ಸಿಕ್ಕಿಬಿದ್ದಿದ್ದ ಅಮೆರಿಕನ್ನರು, ಕೆನಡಾದವರು. ಪಾದ್ರಿಗಳು, ಹೆಂಗಸರು, ಮಕ್ಕಳು. ಮರುದಿನ ಅಮೆರಿಕದಿಂದ ಗ್ರಿಪ್ಸ್‌ಹೋಮ್ ಎಂಬ ಸ್ವೀಡನ್ನಿನ ಹಡಗು ಬಂತು. ಅದರಲ್ಲಿ ಜಪಾನಿನವರು. ಎರಡರಲ್ಲೂ ಸುಮಾರು 1,500 ಜನ. ಒಂದರಿಂದ ಇಳಿದವರು ಇನ್ನೊಂದಕ್ಕೆ ಹತ್ತಬೇಕು, ಅಷ್ಟೇ. ಒಂದು ಸಾಲು ಈ ಕಡೆ, ಒಂದು ಸಾಲು ಆ ಕಡೆ. ಯುದ್ಧ ನಡೆಯುತ್ತಿರುವ ಎರಡು ದೇಶದ ಜನ ಗೋವಾದ ರೈಲು ಹಳಿ ದಾಟಿಕೊಂಡು ತಮ್ಮ ತಮ್ಮ ಮನೆ ದಾರಿ ಹಿಡಿದರು. ಹತ್ತಿಗೆ ಅಂತ ಕಟ್ಟಿದ ಧಕ್ಕೆ ಯಾವುದಕ್ಕೆಲ್ಲ ಒದಗಿತು ನೋಡಿ.

ಸದಾಶಿವಗಡ_ಸೇತುವೆ:

ಇದು ನನಗೆ ಗೊತ್ತಿರಲಿಲ್ಲ. ಹೊಟ್ಟೆ ಉರಿ ಇನ್ನೂ ಜಾಸ್ತಿ ಆಯಿತು.

ಬೆಟಗೇರಿ_ಬಾಗಿಲು:

ಗಾರ್ಡ್ ಸಾಹೇಬರೇ, ಘಟ್ಟದ ಬಗ್ಗೆ ಹೇಳಿ. ಜಕಾತಿ ಹೇಗೆ ನಡೆಯುತ್ತಿತ್ತು?

ಲೋಂಡಾ_ಗಾರ್ಡು:

ಜಕಾತಿ ನಾನು ನೋಡಿಲ್ಲ, ನಾನು ಸೇರುವ ಹೊತ್ತಿಗೆ ಗೋವಾ ನಮ್ಮದಾಗಿತ್ತು. ಆದರೆ ಕ್ಯಾಸಲ್‌ರಾಕ್‌ನ ಹಳೇ ಕೆಲಸಗಾರರು ಹೇಳುತ್ತಿದ್ದರು. ಮೇಲೆ ಕ್ಯಾಸಲ್‌ರಾಕ್‌ನಲ್ಲಿ ನಮ್ಮ ಕಡೆಯ ಕಸ್ಟಮ್ಸ್, ಕೆಳಗೆ ಕುಳೆಯಲ್ಲಿ ಪೋರ್ಚುಗೀಸರದ್ದು. ಎರಡಕ್ಕೂ ನಡುವೆ 26 ಕಿಲೋಮೀಟರ್ ಕಾಡು. ಗೋವಾದಲ್ಲಿ ವಿದೇಶಿ ಸಾಮಾನು ಅಗ್ಗ. ಗಡಿಯಾರ, ಸೆಂಟು, ಬಾಟಲಿ. ಕ್ಯಾಸಲ್‌ರಾಕ್‌ನಲ್ಲಿ ಗಾಡಿ ಗಂಟೆಗಟ್ಟಲೆ ನಿಲ್ಲುತ್ತಿತ್ತಂತೆ. ಸೊಂಟ ತಡವಿ, ಪೆಟ್ಟಿಗೆ ಬಿಚ್ಚಿ, ಹಾಸಿಗೆ ಸುರುಳಿ ಜಾಡಿಸಿ ನೋಡುವವರು. ಅಷ್ಟರಲ್ಲಿ ಪ್ಲಾಟ್‌ಫಾರ್ಮಿನಲ್ಲಿ ಚಹಾ ವ್ಯಾಪಾರ ಭರ್ಜರಿ.

ಘಟ್ಟ ನಾನು ಬಲ್ಲೆ. ಈಗಲೂ 37 ಅಡಿ ಹೋದರೆ ಒಂದು ಅಡಿ ಏರು. ರೈಲಿಗೆ ಇದು ಗೋಡೆ ಹತ್ತಿದ ಹಾಗೆ. ಹತ್ತುವಾಗ ಹಿಂದಿನಿಂದ ಬ್ಯಾಂಕರ್ ಎಂಜಿನ್ ನೂಕಬೇಕು. ಆದರೆ ಗಾರ್ಡಿಗೆ ಎದೆ ಹೊಡೆದುಕೊಳ್ಳುವುದು ಇಳಿಯುವಾಗ. ಕ್ಯಾಸಲ್‌ರಾಕ್‌ನಲ್ಲಿ ನಿಂತು ಒಂದೊಂದು ವ್ಯಾಗನ್ನಿನ ಬ್ರೇಕು ನೋಡಿ, ಬರೆದುಕೊಟ್ಟ ಮೇಲೆಯೇ ಬಿಡುವುದು. ದಾರಿಯಲ್ಲಿ ಕ್ಯಾಚ್ ಸೈಡಿಂಗ್ ಇರುತ್ತದೆ. ಮುಖ್ಯ ಹಳಿಯಿಂದ ಕವಲೊಡೆದು ಗುಡ್ಡದ ಕಡೆಗೆ ಮೇಲೆ ಏರುವ ತುಂಡು ಹಳಿ. ಪಾಯಿಂಟು ಯಾವಾಗಲೂ ಅದರ ಕಡೆಗೇ ತಿರುಗಿಸಿಟ್ಟಿರುತ್ತದೆ. ಗಾಡಿ ಹತೋಟಿಯಲ್ಲಿದೆ ಅಂತ ನಿಂತು ತೋರಿಸಿದರೆ ಮಾತ್ರ ಮುಂದಿನ ದಾರಿ ಕೊಡುತ್ತಾರೆ. ಬ್ರೇಕು ಕೈಕೊಟ್ಟ ಗಾಡಿ ತಾನಾಗಿ ಆ ಏರಿಗೆ ಹೋಗಿ ಸುಸ್ತಾಗಿ ನಿಲ್ಲಬೇಕು. ಮಳೆಗಾಲದ ರಾತ್ರಿ, ದೂಧ್‌ಸಾಗರದ ಸೇತುವೆ ಮೇಲೆ ಬ್ರೇಕ್‌ವ್ಯಾನಿನ ಒಳಗೆ ತುಂತುರು ಬಂದು ಮುಖಕ್ಕೆ ಹೊಡೆಯುತ್ತದೆ. ಪ್ರವಾಸಿಗಳು ಅದನ್ನು ನೋಡಲು ದುಡ್ಡು ಕೊಡುತ್ತಾರೆ. ನನಗೆ ಲಾಟೀನು ಆರದಿದ್ದರೆ ಸಾಕಾಗಿತ್ತು.

1955ರಲ್ಲಿ ಇದೆಲ್ಲ ಒಮ್ಮೆಲೇ ನಿಂತಿತು. ಆಗಸ್ಟ್ 15ಕ್ಕೆ ಗೋವಾದೊಳಗೆ ನುಗ್ಗಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ನಮ್ಮ ಸರ್ಕಾರ ರೈಲು ಸಂಪರ್ಕ ಕಡಿಯಿತು. ಕ್ಯಾಸಲ್‌ರಾಕ್ ಕೊನೆಯ ಸ್ಟೇಷನ್ ಆಯಿತು. ಆರು ವರ್ಷ ಆ ಘಟ್ಟದ ಸುರಂಗಗಳಲ್ಲಿ ಬಾವಲಿ ಬಿಟ್ಟರೆ ಯಾರೂ ಇರಲಿಲ್ಲ ಅನ್ನುತ್ತಿದ್ದರು.

ಬೈನಾ_ಬಾಲ್ಯ:

ತಮಾಷೆ ಅಂದರೆ ಆ ವರ್ಷಗಳಲ್ಲೇ ಬಂದರು ಜೋರಾಗಿದ್ದು! ಜಪಾನಿನವರಿಗೆ ಅದಿರು ಬೇಕಿತ್ತು. ಗೋವಾದ ಗಣಿಗಳಿಂದ ಅದಿರು ಮಾಂಡವಿ, ಜುವಾರಿ ನದಿಗಳಲ್ಲಿ ಬಾರ್ಜಿನ ಮೇಲೆ ಬಂದು ಹಡಗು ಸೇರುತ್ತಿತ್ತು. ರೈಲಿನ ಹಂಗೇ ಬೇಕಿರಲಿಲ್ಲ. ರೈಲು ಕಟ್ಟಿದ ಬಂದರು ರೈಲಿಲ್ಲದೆ ಬದುಕಲು ಕಲಿತಿತು. 1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆ ಆದಾಗ ಬಂದರಿನ ಎದುರೇ ನೌಕಾ ಕಾಳಗ ನಡೆಯಿತು. ನಮ್ಮ ಬೇತ್ವಾ, ಬಿಯಾಸ್ ಒಂದು ಕಡೆ, ಅವರ ಅಫೊನ್ಸೊ ಡಿ ಆಲ್ಬುಕರ್ಕ್ ಇನ್ನೊಂದು ಕಡೆ. ಅದಾದ ಮೇಲೆ ಮತ್ತೆ ಹಳಿ ಕೂಡಿತು.

ದುರ್ಗದಬೈಲು:

ಈಗ ಆ ಹಳಿ ಮೇಲೆ ಹತ್ತಿ ಇಳಿಯುವುದಿಲ್ಲ, ಕಲ್ಲಿದ್ದಲು ಹತ್ತುತ್ತದೆ. ಬಂದರಿಗೆ ಬಂದ ಕಲ್ಲಿದ್ದಲು ಘಟ್ಟ ಏರಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ. ಅದಕ್ಕೇ ಜೋಡಿ ಹಳಿ ಮಾಡುತ್ತೇವೆ ಅಂದಾಗ 2020ರಲ್ಲಿ ಗೋವಾದವರು ರಾತ್ರಿಯೆಲ್ಲ ಹಳಿ ಮೇಲೆ ಕೂತಿದ್ದು. ಘಟ್ಟದ ಭಾಗದ ಜೋಡಿ ಹಳಿಯ ಒಪ್ಪಿಗೆಯನ್ನು 2022ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ನನ್ನ ಕೇಳಿದರೆ ಅಭಿವೃದ್ಧಿ ಬೇಡ ಅನ್ನುವವರು...

ಸದಾಶಿವಗಡ_ಸೇತುವೆ:

ಅಭಿವೃದ್ಧಿ ಮಾತು ನಮ್ಮ ಹತ್ತಿರ ಬೇಡ ಅಣ್ಣಾ. ಅಣು ಸ್ಥಾವರ, ನೌಕಾನೆಲೆ, ಅಣೆಕಟ್ಟು ಎಲ್ಲ ನುಂಗಿದ ಜಿಲ್ಲೆ ನಮ್ಮದು.

ನಿರ್ವಾಹಕ:

ಇಬ್ಬರೂ ಇಲ್ಲಿಗೆ ನಿಲ್ಲಿಸಿ. ಜೋಡಿ ಹಳಿ ಚರ್ಚೆಗೆ ಬೇರೆ ಎಳೆ ಇದೆ. ಇನ್ನೂ ಎಂಟು ಪೋಸ್ಟ್ ಅಲ್ಲಿಗೆ ಸಾಗಿಸಿದ್ದೇನೆ. ಇಲ್ಲಿ ಕಿರ್ದಿ, ಧಕ್ಕೆ ಅಷ್ಟೇ.

ಮೋಡಿ_ಮಾಸ್ತರ:

ತಡವಾಗಿ ಬಂದೆ. ನಾನು ಹಳೇ ಲೆಕ್ಕದ ಪುಸ್ತಕ, ಮೋಡಿ ಲಿಪಿಯ ಕಾಗದ ಓದುವ ಚಟದವನು. ಬೆಟಗೇರಿಯವರೇ, ಆ ಮೂರನೇ ಸಾಲಿನ ಫೋಟೋ ಹಾಕುತ್ತೀರಾ? ನೀವು 'ಜಿನಸಾ' ಎಂದು ಓದಿದ್ದೀರಿ. ಜಿನಸಿ ಆಗಿದ್ದರೆ 'ಜಿನಸಿ' ಎಂದೇ ಬರೆಯುತ್ತಿದ್ದರು. ಕೊನೆಗೆ 'ಸಾ' ಯಾಕೆ ಬಂತು ಅನ್ನುವುದು ನನ್ನ ತಲೆ ತಿನ್ನುತ್ತಿದೆ.

ಬೆಟಗೇರಿ_ಬಾಗಿಲು:

ಹಾಕಿದ್ದೇನೆ ಸರ್. ಬೆಳಕಿಗೆ ಹಿಡಿದು ತೆಗೆದಿದ್ದೇನೆ.

ಮೋಡಿ_ಮಾಸ್ತರ:

ನೋಡಿದೆ. ಅದು ಒಂದು ಶಬ್ದವಲ್ಲ, ಎರಡು. 'ನ' ಆದ ಮೇಲೆ ಲೇಖನಿ ಎತ್ತಿದ್ದಾರೆ. 'ಸಾ' ಪಕ್ಕದಲ್ಲಿ ಸಣ್ಣ ಅಡ್ಡ ಗೆರೆ ಇದೆ, ನೀವು ಅದನ್ನು ಕಲೆ ಅಂದುಕೊಂಡಿರಬೇಕು. ಅದು ಶಬ್ದ ಮೊಟಕು ಮಾಡಿದ್ದರ ಗುರುತು. ಒತ್ತಕ್ಷರ ಬಿಡುವುದು ಆ ಕಾಲದ ಅಂಗಡಿಕಾರರ ರೂಢಿ. ಹಾಗಾಗಿ 'ಜಿನ ಸಾ' ಅಂದರೆ 'ಜಿನ್ನ ಸಾಮಾನ'. ಜಿನ್ನು! ಹತ್ತಿಯಿಂದ ಕಾಳು ಬೇರೆ ಮಾಡುವ ಯಂತ್ರ. ನಿಮ್ಮ ಮನೆತನಕ್ಕೆ ಜಿನ್ನಿಂಗ್ ಫ್ಯಾಕ್ಟರಿ ಇತ್ತಾ?

ದುರ್ಗದಬೈಲು:

ಭಲೇ ಮಾಸ್ತರ್! ಎಲ್ಲ ಕೂಡಿತು ನೋಡಿ. ಇಂಗ್ಲೆಂಡಿನಿಂದ ಯಂತ್ರ ಹಡಗಿನಲ್ಲಿ ಬಂತು, ಧಕ್ಕೆಯಲ್ಲಿ ಇಳಿಯಿತು, ಅದಕ್ಕೆ ಹಮಾಲಿ. ಕ್ಯಾಸಲ್‌ರಾಕ್‌ನಲ್ಲಿ ಜಕಾತಿ. ಗದಗ ಸ್ಟೇಷನ್ನಿನಿಂದ ಎತ್ತಿನ ಗಾಡಿ ಬಾಡಿಗೆ. ಮುಂಬೈಯಲ್ಲಿ ಇಳಿಸಿದ್ದರೆ ಅಷ್ಟು ಭಾರದ ಕಬ್ಬಿಣವನ್ನು ದೊಡ್ಡ ಗೇಜಿನಿಂದ ಸಣ್ಣ ಗೇಜಿಗೆ ಮತ್ತೆ ಏರಿಸಬೇಕಿತ್ತು. ಹತ್ತಿ ಅಂಡಿಗೆಯಾದರೆ ಎಸೆದರೂ ನಡೆಯುತ್ತದೆ. ಬೀಡು ಕಬ್ಬಿಣ ಬಿದ್ದರೆ ಒಡೆಯುತ್ತದೆ. ಅದಕ್ಕೇ ಮುರ್ಗಾಂವ್.

ಲೋಂಡಾ_ಗಾರ್ಡು:

ನನ್ನ ತೆಂಗಿನಕಾಯಿ ವಾಪಸ್ ತಗೊಂಡೆ.

ಬೆಟಗೇರಿ_ಬಾಗಿಲು:

ನಮ್ಮದು ಅಂತ ಫ್ಯಾಕ್ಟರಿ ಇದ್ದ ಬಗ್ಗೆ ನನಗೆ ಗೊತ್ತೇ ಇಲ್ಲ. ಅಮ್ಮನನ್ನು ಕೇಳಿದೆ. 'ಯಾರದೋ ಜೊತೆ ಪಾಲಿಗೆ ಸೇರಿ ನಷ್ಟ ಮಾಡಿಕೊಂಡಿದ್ದರಂತ, ಅದರ ಮಾತು ಮನೆಯಾಗ ತೆಗೀತಿದ್ದಿಲ್ಲ' ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ಇದ್ದು, 'ಹಿತ್ತಲ ಚಕ್ರ ನೋಡಿಯೇನು?' ಅಂದರು.

ಹಿತ್ತಿಲಲ್ಲಿ ಬಾವಿಯ ಪಕ್ಕ ಒಂದು ಕಬ್ಬಿಣದ ಚಕ್ರ ಇದೆ. ನಾನು ಹುಟ್ಟಿದಾಗಿನಿಂದ ಇದೆ. ಅದರ ಮೇಲೆ ಬಟ್ಟೆ ಒಗೆಯುತ್ತಾರೆ, ಸಾಬೂನು ಇಡುತ್ತಾರೆ. ಬಾವಿಯ ಹಳೇ ರಾಟೆ ಇರಬೇಕು ಅಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಅದನ್ನು ಮಗುಚಿದೆ. ಇಬ್ಬರು ಬೇಕಾಯಿತು. ಕೆಳಗಿನ ಮೈ ತುಂಬ ಮಣ್ಣು, ಎರೆಹುಳು. ತೆಂಗಿನ ನಾರಿನಿಂದ ಉಜ್ಜಿ ನೀರು ಹಾಕಿದೆ. ಅಂಚಿನ ಸುತ್ತ ಉಬ್ಬಿದ ಇಂಗ್ಲಿಷ್ ಅಕ್ಷರಗಳು. ಮೊದಲಿನವು ಸವೆದುಹೋಗಿವೆ. ಕೊನೆಯ ಶಬ್ದ ಮಾತ್ರ ಕೈಯಿಟ್ಟರೂ ತಿಳಿಯುತ್ತದೆ: ಓಲ್ಡ್‌ಹ್ಯಾಮ್.

ಮೋಡಿ_ಮಾಸ್ತರ:

ಮ್ಯಾಂಚೆಸ್ಟರ್ ಪಕ್ಕದ ಊರು. ಹತ್ತಿ ಯಂತ್ರಗಳಿಗೆ ಹೆಸರುವಾಸಿ. ಇನ್ನು ಅದರ ಮೇಲೆ ಸಾಬೂನು ಇಡಬೇಡಿ.

ಬೆಟಗೇರಿ_ಬಾಗಿಲು:

ಅಮ್ಮನಿಗೆ ಹೇಳಿದೆ ಸರ್. 'ಹಂಗಾದ್ರ ಬಟ್ಟಿ ಎಲ್ಲಿ ಒಗೀಲಿ?' ಅನ್ನುತ್ತಿದ್ದಾರೆ.